ಮೆಣಸಿನ ಗಿಡದ ಮುಟುರು ರೋಗ: ಕಿತ್ತ ಗಿಡ ಕೊಟ್ಟಿಗೆಗೆ ಬೇಡ



ಜವನಗೊಂಡನಹಳ್ಳಿ ಭಾಗದ ಹಳ್ಳಿಯೊಂದಕ್ಕೆ ದನಗಳಿಗೆ ಲಸಿಕೆ ಹಾಕಲು ಹೋಗಿದ್ದಾಗ ಒಬ್ಬ ತಾಯಿ ಕೇಳಿದರು: "ಡಾಕ್ಟ್ರೇ, ಮೆಣಸಿನಗಿಡಕ್ಕೆ ಮುಟುರು ಬಂದೈತೆ. ಮೂರು ಸಲ ಔಷಧಿ ಹೊಡೆದ್ರೂ ಹೋಗ್ಲಿಲ್ಲ. ಕಿತ್ತು ಹಸುಗೆ ಹಾಕ್ಲಾ?" ಬೇಡ ಎಂದೆ. ಏಕೆ ಬೇಡ ಎಂಬುದು ನಿಮಗೆಲ್ಲರಿಗೂ ತಿಳಿದಿರಲಿ.

ಔಷಧಿಗೆ ಏಕೆ ಬಗ್ಗುವುದಿಲ್ಲ?

ಮುಟುರು ರೋಗಕ್ಕೆ ಕಾರಣ ವೈರಸ್. ಎಲೆಯ ಕೆಳಭಾಗದಲ್ಲಿ ಕುಳಿತು ರಸ ಹೀರುವ ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ದನಗಳ ಚರ್ಮಗಂಟು ರೋಗವನ್ನು ಸೊಳ್ಳೆ, ನೊಣ, ಉಣ್ಣೆಗಳು ಹರಡುತ್ತವಲ್ಲ, ಇದೂ ಹಾಗೆಯೇ. ಆದರೆ ದನಕ್ಕೆ ಲಸಿಕೆ ಇದೆ, ಗಿಡಕ್ಕೆ ಇಲ್ಲ. ಔಷಧಿ ಹೊಡೆದರೆ ನೊಣ ಸಾಯಬಹುದು, ಗಿಡದೊಳಗೆ ಸೇರಿದ ವೈರಸ್ ಸಾಯುವುದಿಲ್ಲ. ಮತ್ತೆ ಮತ್ತೆ ಹೊಡೆದರೆ ಹಣ ದಂಡ, ಎಲೆಯ ಮೇಲೆ ವಿಷ ಉಳಿಯುತ್ತದೆ ಅಷ್ಟೆ.

ಎಲೆ ಮುದುಡಿದ್ದೆಲ್ಲ ವೈರಸ್ ಅಲ್ಲ. ಥ್ರಿಪ್ಸ್ ಹೀರಿದರೆ ಎಲೆ ಮೇಲಕ್ಕೆ, ಮೈಟ್ ನುಸಿ ಹೀರಿದರೆ ಕೆಳಕ್ಕೆ ಮುದುಡುತ್ತದೆ. ವೈರಸ್ ತಗುಲಿದರೆ ಎಲೆ ಚಿಕ್ಕದಾಗಿ ಮೇಲಕ್ಕೆ ಮುದುಡಿ, ನರಗಳು ದಪ್ಪವಾಗಿ, ಗಿಡ ಗಿಡ್ಡಾಗಿ ಪೊದೆಯಂತಾಗುತ್ತದೆ. ಹೂವು, ಕಾಯಿ ನಿಲ್ಲುವುದಿಲ್ಲ. ಅನುಮಾನವಿದ್ದರೆ ಒಂದು ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಆಮೇಲೆ ಔಷಧಿ ಕೊಳ್ಳಿ.

ಹಸುವಿಗೆ ಅಪಾಯ ಎಲ್ಲಿಂದ?

ಗಿಡದ ವೈರಸ್ ಹಸುವಿಗೆ ಬರುವುದಿಲ್ಲ. ಅಪಾಯವಿರುವುದು ಸಿಂಪಡಿಸಿದ ವಿಷದಿಂದ. ಕೆಲವು ಕೀಟನಾಶಕಗಳು ಕೊಬ್ಬಿನಲ್ಲಿ ಕರಗುವಂಥವು. ಮೇವಿನ ಜೊತೆ ಹೊಟ್ಟೆಗೆ ಹೋದರೆ ಹಾಲಿನ ಕೊಬ್ಬಿನಲ್ಲಿ ಬರುತ್ತವೆ. ಆ ಹಾಲನ್ನು ಮೊದಲು ಕುಡಿಯುವುದು ನಮ್ಮ ಮನೆಯ ಮಕ್ಕಳೇ.

ವಿಷ ಹೆಚ್ಚಾದರೆ ಹಸು ಜೊಲ್ಲು ಸುರಿಸುತ್ತದೆ, ಮೈ ನಡುಗುತ್ತದೆ, ಭೇದಿಯಾಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಏದುಸಿರು ಬಿಡುತ್ತದೆ. ಆಗ ಎಣ್ಣೆ, ಮಜ್ಜಿಗೆ ಏನನ್ನೂ ಬಾಯಿಗೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಆ ಮೇವನ್ನು ತೆಗೆದುಹಾಕಿ ತಕ್ಷಣ ಪಶುವೈದ್ಯರನ್ನು ಕರೆಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಔಷಧಿ ಡಬ್ಬಿಯನ್ನು ಎತ್ತಿಡಿ. ಯಾವ ವಿಷ ಎಂದು ತಿಳಿದರೆ ಸರಿಯಾದ ಇಂಜೆಕ್ಷನ್ ಬೇಗ ಕೊಡಬಹುದು. ವೈದ್ಯರು ಹೇಳುವವರೆಗೆ ಆ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಹೀಗೆ ಮಾಡಿ

- ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ. ಎಳೆಯದರಲ್ಲೇ ರೋಗ ತಗುಲಿದ ಗಿಡದಿಂದ ಬೆಳೆ ಸಿಗುವುದಿಲ್ಲ.
- ಹೊಲದ ಸುತ್ತ 2–3 ಸಾಲು ಮೆಕ್ಕೆಜೋಳವನ್ನು ನಾಟಿಗೆ ಮುಂಚೆಯೇ ಬಿತ್ತಿ. ಬಿಳಿನೊಣಕ್ಕೆ ಅದೇ ಬೇಲಿ. ಆದರೆ ಮೆಣಸಿಗೆ ಹೊಡೆದ ಔಷಧಿ ಅದಕ್ಕೂ ತಾಗುತ್ತದೆ, ಆದ್ದರಿಂದ ಆ ಸಾಲನ್ನು ಮೇವಿಗೆ ಕೊಯ್ಯಬೇಡಿ. ಬದುವಿನ ಹುಲ್ಲಿಗೂ ಇದೇ ಮಾತು.
- ರೋಗದ ಗಿಡ ಒಂದೆರಡು ಕಂಡಾಗಲೇ ಕಿತ್ತು ಹೂಳಿ. ತಿಪ್ಪೆಗೂ ಬೇಡ, ಕೊಟ್ಟಿಗೆಗೂ ಬೇಡ.
- ಬಿಳಿನೊಣಕ್ಕೆ ಹಳದಿ ಅಂಟು ಬಲೆ ಕಟ್ಟಿ.
- ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ರೋಗ ತಡೆಯುವ ಅರ್ಕಾ ತೇಜಸ್ವಿ, ಅರ್ಕಾ ಯಶಸ್ವಿ, ಅರ್ಕಾ ತನ್ವಿ ಮುಂತಾದ ಹೈಬ್ರಿಡ್ ತಳಿಗಳನ್ನು ಕೊಟ್ಟಿದೆ. ಮುಂದಿನ ನಾಟಿಗೆ ವಿಚಾರಿಸಿ.
- ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಇದ್ದರೆ ಅತ್ಯಂತ ವಿಷ, ಹಳದಿ ಅದರ ನಂತರದ್ದು.
- ಸಿಂಪಡಣೆ ಡ್ರಮ್ಮನ್ನು ದನ ಕುಡಿಯುವ ತೊಟ್ಟಿಯಲ್ಲಿ ತೊಳೆಯಬೇಡಿ. ಬೆಳೆಯ ಔಷಧಿಯನ್ನು ಉಣ್ಣೆಗೆಂದು ಹಸುವಿನ ಮೈಗೆ ಹಚ್ಚಬೇಡಿ.

ಔಷಧಿ ಹೊಡೆಯುವವರು ಹೆಚ್ಚಾಗಿ ಗಂಡಸರು, ಮೇವು ಕೊಯ್ದು ತರುವವರು ನೀವು. ಯಾವ ದಿನ, ಯಾವ ಔಷಧಿ, ಎಲ್ಲಿ ಹೊಡೆದರು ಎಂದು ಕೇಳಿ ತಿಳಿದುಕೊಂಡೇ ಕುಡುಗೋಲು ಹಿಡಿಯಿರಿ.