ಬೆಂಗಳೂರಿಗೂ ಸಾನ್ ಫ್ರಾನ್ಸಿಸ್ಕೋ ನಗರಕ್ಕೂ ಎಷ್ಟು ದೂರ? ಎಷ್ಟು ಹೊತ್ತು?

ಮಕ್ಕಳು ಅಮೆರಿಕೆಯಲ್ಲಿ ನೆಲಸಿರುವ ಮನೆಗಳಲ್ಲಿ ವಿಮಾನದ ಟಿಕೀಟು ಕೈಗೆ ಬಂದೊಡನೆಯೇ ಲೆಕ್ಕಾಚಾರವು ಮೊದಲಾಗುವುದು. ಶನಿವಾರ ರಾತ್ರಿ ಹೊರಟವರು ಸೋಮವಾರ ಬೆಳಗಿನ ಜಾವ ಬಂದಿಳಿಯುವರೆಂದರೆ, ಅವರು ಆಕಾಶದಲ್ಲಿ ಕಳೆಯುವ ಹೊತ್ತೆಷ್ಟು? ಈ ಲೆಕ್ಕವು ತಪ್ಪಿದರೆ ಮನೆಯವರಿಗೆ ವೃಥಾ ಕಳವಳ. ಹೊತ್ತು ಹೊತ್ತಿಗೆ ಔಷಧ ಸೇವಿಸತಕ್ಕ ವೃದ್ಧರಿಗಂತೂ ಅಪಾಯವೇ ಸರಿ. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ನಡೆದ ಯಾನವೊಂದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. 2021ನೆಯ ಇಸವಿ ಜನವರಿ 9ರಂದು ಏರ್ ಇಂಡಿಯಾ ವಿಮಾನವೊಂದು ಸಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ, ಉತ್ತರಧ್ರುವದ ಮೇಲೆ ಹಾದು, 11ರಂದು ಬೆಂಗಳೂರನ್ನು ಸೇರಿತು. ಕ್ಯಾಪ್ಟನ್ ಜೋಯಾ ಅಗರ್ವಾಲರ ನಾಯಕತ್ವದಲ್ಲಿ ಅದನ್ನು ನಡೆಸಿದವರೆಲ್ಲರೂ ಸ್ತ್ರೀಯರೇ. ಈ ಎರಡು ನಗರಗಳ ನೇರವಾದ ಅಂತರವು ಸುಮಾರು 14,000 ಕಿಲೋಮೀಟರು.

ಬೆಂಗಳೂರಿಗೆ ಬರುವವರಿಗೆ ಉತ್ತರಧ್ರುವದ ಗೊಡವೆಯೇಕೆಂದು ಕೆಲವರು ಕೇಳಬಹುದು. ಗೋಡೆಯ ಮೇಲಣ ಭೂಪಟವೇ ಈ ಭ್ರಮೆಗೆ ಕಾರಣ. ಭೂಮಿಯ ಅತ್ಯಲ್ಪ ಭಾಗ ಮಾತ್ರ ಕಣ್ಣಿಗೆ ಬೀಳುವುದರಿಂದ ಅದು ಸಮತಟ್ಟಾಗಿ ತೋರುವುದೆಂದು ಭಾಸ್ಕರಾಚಾರ್ಯನು 1150ರ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿಯೇ ತಿಳಿಸಿರುವನು. ಮಕ್ಕಳು ಓದುವ ಭೂಗೋಳವನ್ನು ತಂದು, ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿರಿ. ದಾರವು ಉತ್ತರಕ್ಕೆ ಸುಮಾರು 71ನೆಯ ಅಕ್ಷಾಂಶದ ವರೆಗೆ ಏರಿ ಇಳಿಯುವುದು. ಅದೇ ಅತಿ ಹ್ರಸ್ವವಾದ ದಾರಿ. ಸಾಕ್ಷಾತ್ ಧ್ರುವದ ಮೇಲೆಯೇ ಹೋದರೂ ಹೆಚ್ಚುವುದು 400 ಕಿಲೋಮೀಟರಿಗಿಂತ ಕಡಿಮೆ. ಭೂಪಟದಲ್ಲಿ ನೆಟ್ಟಗೆ ಕಾಣುವ ಗೆರೆಯನ್ನು ಹಿಡಿದು ಹೋದರಾದರೋ ದಾರಿಯು 16,000ವನ್ನು ಮೀರುವುದು!

ಇನ್ನು ಹೊತ್ತಿನ ವಿಚಾರ. ಆ ದಿನದ ವೇಳಾಪಟ್ಟಿಯಂತೆ ಹೊರಡುವುದು ಶನಿವಾರ ರಾತ್ರಿ 8-30ಕ್ಕೆ. ಸೇರುವುದು ಸೋಮವಾರ ಬೆಳಗಿನ ಜಾವ 3-45ಕ್ಕೆ. ಆಯಾ ಊರಿನ ಗಡಿಯಾರಗಳನ್ನು ನಂಬಿ ಎಣಿಸಿದರೆ 31 ಘಂಟೆ 15 ನಿಮಿಷ. ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಘಂಟೆ ಮುಂದೆ. ಅದನ್ನು ಕಳೆದರೆ ಉಳಿಯುವುದು 17 ಘಂಟೆ 45 ನಿಮಿಷ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಘಂಟೆ ಮುಂದಿಡುವುದರಿಂದ ಹನ್ನೆರಡೂವರೆಯನ್ನು ಕಳೆಯಬೇಕು.

ಘಂಟೆಗೆ 900 ಕಿಲೋಮೀಟರು ವೇಗದಲ್ಲಿ 14,000ಕ್ಕೆ ಹದಿನೈದೂವರೆ ಘಂಟೆ ಸಾಲದೆ? ಸಾಲದು. ನೆಲದ ಮೇಲಿನ ಓಟ, ಏರುವುದು, ಇಳಿಯುವುದು ಇವುಗಳಿಗೂ ಹೊತ್ತು ಬೇಕು. ಅದೂ ಅಲ್ಲದೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಬೀಸುವ ಗಾಳಿಯನ್ನು ನೋಡಿಕೊಂಡು ದಾರಿಯನ್ನು ಬಾಗಿಸುವರು. ಹಾದಿ ಬೆಳೆದರೂ ಹೊತ್ತೂ ಇಂಧನವೂ ಉಳಿಯುವುವು.

ನಡುವೆ ಇಳಿದು ವಿಮಾನವನ್ನು ಬದಲಾಯಿಸುವವರು ಅಲ್ಲಿ ಕಾಯುವ ಹೊತ್ತನ್ನೂ ಸೇರಿಸಿಕೊಳ್ಳಬೇಕು. ಔಷಧಕ್ಕೆ ಮುಖ್ಯವಾದುದು ಗಡಿಯಾರದ ಮುಳ್ಳಲ್ಲ, ನಿಜವಾಗಿ ಕಳೆದ ಘಂಟೆಗಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಈ ಲೆಕ್ಕವನ್ನು ವೈದ್ಯರಿಗೆ ತೋರಿಸಿ, ಯಾವ ಹೊತ್ತಿಗೆ ಎಷ್ಟೆಂಬುದನ್ನು ಮುಂಚಿತವಾಗಿಯೇ ಕೇಳಿ ಬರೆದಿಟ್ಟುಕೊಳ್ಳಲಿ. ತಂದೆತಾಯಿಗಳನ್ನು ಬೀಳ್ಕೊಡುವ ಮಕ್ಕಳು ಆ ಚೀಟಿಯನ್ನು ಅವರ ಕೈಚೀಲದಲ್ಲಿಡಲು ಮರೆಯದಿರಲಿ.