ಪರ್ವತ ಸರೋವರಗಳಿಗೆ ಒಂದು ದಿನದ ಪ್ರವಾಸ: ಕೆನಡಾದ ಬ್ಯಾನ್ಫ್‌ನಲ್ಲಿ ಆಸನದ ವ್ಯಾಪಾರ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಬ್ಯಾನ್ಫ್ ಪಟ್ಟಣದಲ್ಲಿ ಬೇಸಿಗೆಯ ಮುಂಜಾನೆ ಹೋಟೆಲುಗಳ ಮುಂದೆ ಸಣ್ಣ ಬಸ್ಸುಗಳು ಬಂದು ನಿಲ್ಲುತ್ತವೆ. ಪ್ರವಾಸಿಗರನ್ನು ಹತ್ತಿಸಿಕೊಂಡು ಲೂಯಿಸ್ ಸರೋವರ, ಮೊರೇನ್ ಸರೋವರ ಮತ್ತು ನೆರೆಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಯೋಹೋ ರಾಷ್ಟ್ರೀಯ ಉದ್ಯಾನದಲ್ಲಿರುವ ಎಮರಾಲ್ಡ್ ಸರೋವರಗಳನ್ನು ತೋರಿಸಿ, ಸಂಜೆಯ ವೇಳೆಗೆ ಹೊರಟ ಸ್ಥಳಕ್ಕೇ ತಂದು ಬಿಡುವುದು ಇವುಗಳ ನಿತ್ಯದ ಕೆಲಸ. ಮೇಲ್ನೋಟಕ್ಕೆ ಇದು ಸಾಧಾರಣ ಪ್ರವಾಸಿ ಬಸ್ಸಿನ ವ್ಯವಹಾರವೇ. ಆದರೆ ಸರೋವರ ಸರ್ಕಾರದ್ದು, ರಸ್ತೆಯೂ ಸರ್ಕಾರದ್ದು. ಉದ್ಯಾನದ ಪ್ರವೇಶ ಶುಲ್ಕವನ್ನು ತೆತ್ತವರು ಯಾರು ಬೇಕಾದರೂ ನೋಡಬಹುದಾದ ನೋಟಕ್ಕೆ ಬಸ್ಸಿನ ಮಾಲೀಕನು ಬೆಲೆ ಕಟ್ಟುವುದು ಹೇಗೆ? ಈ ಪ್ರಶ್ನೆಗೆ 2023ರ ನಂತರ ದೊರೆತಿರುವ ಉತ್ತರವು ಸಣ್ಣ ಉದ್ಯಮಿಗಳು ತಿಳಿದಿರಬೇಕಾದುದಾಗಿದೆ.

ಈ ಉದ್ಯಾನದ ಹುಟ್ಟಿನಲ್ಲಿಯೇ ವ್ಯಾಪಾರದ ಪಾಲಿದೆ. 1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯ ಮೂವರು ಕೆಲಸಗಾರರಿಗೆ ಬ್ಯಾನ್ಫ್ ಬಳಿ ಬಿಸಿನೀರಿನ ಬುಗ್ಗೆಗಳಿರುವ ಗುಹೆ ಕಂಡಿತು. ಅದರ ಒಡೆತನಕ್ಕಾಗಿ ಎದ್ದ ತಕರಾರನ್ನು ಮುಗಿಸಲು ಸರ್ಕಾರವು 1885ರಲ್ಲಿ ಬುಗ್ಗೆಗಳ ಸುತ್ತಲಿನ 26 ಚದರ ಕಿ.ಮೀ. ಪ್ರದೇಶವನ್ನು ಕಾದಿರಿಸಿತು, 1887ರ ಕಾಯಿದೆಯು ಅದನ್ನು ಹಿಗ್ಗಿಸಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನವನ್ನಾಗಿಸಿತು. ಇಂದು ಬ್ಯಾನ್ಫ್ ಉದ್ಯಾನದ ವಿಸ್ತೀರ್ಣ 6,641 ಚದರ ಕಿ.ಮೀ. ಪರ್ವತಗಳ ನಡುವೆ ಅಪಾರ ವೆಚ್ಚದಲ್ಲಿ ಹಳಿ ಹಾಕಿದ್ದ ರೈಲ್ವೆ ಕಂಪನಿಗೆ ಪ್ರಯಾಣಿಕರು ಬೇಕಾಗಿದ್ದರು. ಪರ್ವತದ ನೋಟವನ್ನು ರಫ್ತು ಮಾಡಲಾಗದಿದ್ದರೆ ನೋಡುವವರನ್ನೇ ಆಮದು ಮಾಡಿಕೊಳ್ಳಬೇಕು ಎಂಬ ಅರ್ಥದ ಮಾತೊಂದು ಆ ಕಂಪನಿಯ ಮುಖ್ಯಸ್ಥ ವಿಲಿಯಂ ವ್ಯಾನ್ ಹಾರ್ನ್ ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. 1888ರಲ್ಲಿ ಬ್ಯಾನ್ಫ್ ಸ್ಪ್ರಿಂಗ್ಸ್ ಹೋಟೆಲು, 1890ರಲ್ಲಿ ಲೂಯಿಸ್ ಸರೋವರದ ದಡದ ಮರದ ವಸತಿಗೃಹ, ಹೀಗೆ ಕಂಪನಿಯು ಹಳಿಯ ಜೊತೆಗೆ ಹಾಸಿಗೆಯನ್ನೂ ಮಾರತೊಡಗಿತು.

ಮಾರ್ಗದರ್ಶಕನ ಕಸುಬು ಇದಕ್ಕಿಂತಲೂ ಹಳೆಯದು. 1882ರಲ್ಲಿ ರೈಲ್ವೆ ಸಮೀಕ್ಷೆಯ ತಂಡದಲ್ಲಿದ್ದ ಟಾಮ್ ವಿಲ್ಸನ್ ಎಂಬಾತನನ್ನು ಲೂಯಿಸ್ ಸರೋವರಕ್ಕೆ ಕರೆದೊಯ್ದವನು ಆ ನಾಡಿನ ಮೂಲನಿವಾಸಿಗಳಾದ ಸ್ಟೋನಿ ನಕೋಡಾ ಸಮುದಾಯದ ಒಬ್ಬ ಮಾರ್ಗದರ್ಶಕ. ಅವರ ಭಾಷೆಯಲ್ಲಿ ಅದಕ್ಕೆ ಸಣ್ಣ ಮೀನುಗಳ ಸರೋವರವೆಂಬ ಹೆಸರಿತ್ತು. ದಾರಿ ತೋರಿಸಿಕೊಂಡು ಹೋದ ವಿಲ್ಸನ್ ಮುಂದೆ ತಾನೇ ಬ್ಯಾನ್ಫ್‌ನಲ್ಲಿ ಕುದುರೆಗಳನ್ನು ಕಟ್ಟಿ, ಪ್ರವಾಸಿಗರಿಗೆ ದಾರಿ ತೋರಿಸುವ ವ್ಯಾಪಾರಕ್ಕೆ ನಿಂತನು. 1896ರಲ್ಲಿ ಲೆಫ್ರಾಯ್ ಶಿಖರದಲ್ಲಿ ಅಮೆರಿಕದ ಆರೋಹಿಯೊಬ್ಬರು ಬಿದ್ದು ಮೃತರಾದ ಮೇಲೆ, ರೈಲ್ವೆ ಕಂಪನಿಯು 1899ರಲ್ಲಿ ಸ್ವಿಟ್ಜರ್ಲೆಂಡಿನಿಂದ ವೃತ್ತಿನಿರತ ಮಾರ್ಗದರ್ಶಕರನ್ನು ಕರೆಸಿ ನೇಮಿಸಿತು.

ಇನ್ನು ಸರಕಿನ ವಿಚಾರ. ಈ ಸರೋವರಗಳ ನೀರು ಹಸಿರು ಬೆರೆತ ನೀಲಿಬಣ್ಣದ್ದು. ಮೇಲಿನ ಹಿಮನದಿಗಳು ನಿಧಾನವಾಗಿ ಸರಿಯುವಾಗ ಅಡಿಯ ಬಂಡೆಯನ್ನು ಗಿರಣಿಯ ಕಲ್ಲಿನಂತೆ ಅರೆಯುತ್ತವೆ. ಹೀಗೆ ಉಂಟಾದ ನಯವಾದ ಕಲ್ಲಿನ ಹಿಟ್ಟು ಕರಗಿದ ನೀರಿನೊಡನೆ ಸರೋವರವನ್ನು ಸೇರಿ, ತಳಕ್ಕಿಳಿಯದೆ ತೇಲಾಡುತ್ತಾ ಸೂರ್ಯನ ಬೆಳಕಿನ ನೀಲಿ ಮತ್ತು ಹಸಿರು ಅಂಶಗಳನ್ನು ಚದುರಿಸುತ್ತದೆ. ಈ ವಿವರಣೆಯಲ್ಲಿ ವ್ಯಾಪಾರಿಗೆ ಮುಖ್ಯವಾದ ಒಂದು ಸಂಗತಿಯಿದೆ. ಹಿಮ ಕರಗುವ ಮೊದಲು ಬಣ್ಣವಿಲ್ಲ. ಮೊರೇನ್ ಸರೋವರದ ರಸ್ತೆ ಸಾಮಾನ್ಯವಾಗಿ ಜೂನ್ ಆರಂಭಕ್ಕೆ ತೆರೆಯುತ್ತದೆ; ಆದರೆ ಸಮುದ್ರಮಟ್ಟದಿಂದ ಸುಮಾರು 1,880 ಮೀಟರ್ ಎತ್ತರದಲ್ಲಿರುವ ಆ ಸರೋವರವು ಜೂನ್ ಮೊದಲ ದಿನಗಳಲ್ಲಿ ಇನ್ನೂ ಹೆಪ್ಪುಗಟ್ಟಿರುವುದುಂಟು. ನೀರು ತುಂಬಿ ಬಣ್ಣ ಏರುವುದು ಜೂನ್ ಕೊನೆಯಿಂದ. ಕೆನಡಾದ ಹಳೆಯ 20 ಡಾಲರ್ ನೋಟಿನ ಮೇಲೆ ಅಚ್ಚಾಗಿದ್ದ ಆ ನೋಟವನ್ನು ಬಯಸಿ ಜೂನ್ ಮೊದಲ ವಾರಕ್ಕೆ ಮುಂಗಡ ಕಾದಿರಿಸಿದ ಗ್ರಾಹಕನಿಗೆ ಈ ಮಾತನ್ನು ಮೊದಲೇ ಹೇಳದ ಸಂಸ್ಥೆಯು ಹಣ ಹಿಂದಿರುಗಿಸುವ ಪತ್ರಗಳಿಗೆ ಉತ್ತರ ಬರೆಯುತ್ತಾ ಕೂರಬೇಕಾಗುತ್ತದೆ. ಋತುವಿನ ಇನ್ನೊಂದು ತುದಿಯಲ್ಲಿ, ಸೆಪ್ಟೆಂಬರ್ ಉತ್ತರಾರ್ಧದಲ್ಲಿ, ಲಾರ್ಚ್ ಮರಗಳ ಸೂಜಿಯೆಲೆಗಳು ಹೊಂಬಣ್ಣಕ್ಕೆ ತಿರುಗುವ ಎರಡು ವಾರಗಳಲ್ಲಿ ಬೇಡಿಕೆ ಮತ್ತೆ ಏರುತ್ತದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ರಸ್ತೆ ಮುಚ್ಚುತ್ತದೆ. ಅಲ್ಲಿಗೆ ವರ್ಷದಲ್ಲಿ ದುಡಿಮೆಗೆ ದೊರೆಯುವುದು ಹೆಚ್ಚುಕಡಿಮೆ ನಾಲ್ಕೂವರೆ ತಿಂಗಳು. ಅದರಲ್ಲಿಯೂ ಬಣ್ಣದ ದಿನಗಳು ಇನ್ನೂ ಕಡಿಮೆ.

ಬ್ಯಾನ್ಫ್ ಉದ್ಯಾನಕ್ಕೆ ಇತ್ತೀಚಿನ ವರ್ಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಸಂದರ್ಶಕರು ಬರುತ್ತಿದ್ದಾರೆ. ಕಣಿವೆಯ ಕೊನೆಯಲ್ಲಿರುವ ಮೊರೇನ್ ಸರೋವರಕ್ಕೆ ಇರುವುದು ಒಂದೇ ಕಿರಿದಾದ ರಸ್ತೆ, ಸಣ್ಣದೊಂದು ನಿಲುಗಡೆ ಜಾಗ. ನಸುಕಿಗೆ ಮೊದಲೇ ಆ ಜಾಗ ತುಂಬಿಹೋಗುತ್ತಿತ್ತು. ದೂರದಿಂದ ಬಂದವರು ಗೇಟಿನ ಬಳಿಯಿಂದಲೇ ಹಿಂದಿರುಗಬೇಕಾಗುತ್ತಿತ್ತು. ರಾಷ್ಟ್ರೀಯ ಉದ್ಯಾನಗಳ ಆಡಳಿತ ಸಂಸ್ಥೆಯಾದ ಪಾರ್ಕ್ಸ್ ಕೆನಡಾ 2023ರಿಂದ ಈ ರಸ್ತೆಯನ್ನು ಖಾಸಗಿ ಕಾರುಗಳಿಗೆ ಮುಚ್ಚಿತು. ಈಗ ಸರೋವರವನ್ನು ತಲಪಲು ಆ ಸಂಸ್ಥೆಯದೇ ಷಟಲ್ ಬಸ್ಸು, ಸಾರ್ವಜನಿಕ ಸಾರಿಗೆ, ಪರವಾನಗಿ ಪಡೆದ ವಾಣಿಜ್ಯ ಬಸ್ಸು, ಇಲ್ಲವೇ ಸೈಕಲ್ಲು ಬೇಕು. ಅಂಗವಿಕಲರ ನಿಲುಗಡೆ ಚೀಟಿ ಇರುವ ವಾಹನಗಳಿಗೆ ವಿನಾಯಿತಿಯಿದೆ. ಬಂಡೀಪುರ, ನಾಗರಹೊಳೆಗಳ ಸಫಾರಿ ವಲಯಕ್ಕೆ ಸ್ವಂತ ವಾಹನವನ್ನು ಒಯ್ಯುವಂತಿಲ್ಲವೆಂಬುದು ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಸ್ವಂತ ಕಾರಿನ ಪ್ರವಾಸವನ್ನು ಹುಟ್ಟುಹಕ್ಕೆಂದು ಭಾವಿಸುವ ಉತ್ತರ ಅಮೆರಿಕದಲ್ಲಿ ಇದು ದೊಡ್ಡ ಬದಲಾವಣೆಯೇ ಸರಿ.

ಒಂದು ಆದೇಶದಿಂದ ಬಸ್ಸಿನ ಆಸನದ ಅರ್ಥವೇ ಬೇರೆಯಾಯಿತು. ಅಲ್ಲಿಯವರೆಗೆ ಅದು ಕಾರಿಲ್ಲದವರ ಅನುಕೂಲವಾಗಿತ್ತು. ಅಂದಿನಿಂದ ಪ್ರವೇಶದ ಹಕ್ಕೇ ಆಯಿತು. ಸರ್ಕಾರಿ ಷಟಲಿನ ದರ ಕಡಿಮೆ, 2024ರಲ್ಲಿ ವಯಸ್ಕರಿಗೆ 8 ಡಾಲರ್. ಆದರೆ ಅದರ ಆಸನಗಳಲ್ಲಿ ಒಂದು ಪಾಲನ್ನು ವಸಂತಕಾಲದಲ್ಲಿಯೇ ಮಾರಾಟಕ್ಕೆ ಬಿಟ್ಟು, ಉಳಿದ ಹೆಚ್ಚಿನ ಪಾಲನ್ನು ಪ್ರಯಾಣಕ್ಕೆ ಎರಡು ದಿನ ಮೊದಲು ಬೆಳಗಿನ 8 ಗಂಟೆಗೆ ಬಿಡುವ ಪದ್ಧತಿಯಿದೆ. ಬೇಡಿಕೆಯ ದಿನಗಳಲ್ಲಿ ಅವು ಬೇಗನೆ ಮುಗಿದುಹೋಗುತ್ತವೆ. ವಿಮಾನದ ಟಿಕೇಟು, ಹೋಟೆಲುಗಳನ್ನು ತಿಂಗಳುಗಳ ಮೊದಲೇ ಗೊತ್ತುಪಡಿಸಿಕೊಂಡ ವಿದೇಶಿ ಕುಟುಂಬವು ಈ ಅನಿಶ್ಚಿತತೆಗೆ ಸಿದ್ಧವಿರುವುದಿಲ್ಲ. ಖಾಸಗಿ ಪ್ರವಾಸದ ದರವು ಷಟಲಿನ ದರದ ಹಲವು ಪಟ್ಟಾದರೂ ಗ್ರಾಹಕನು ಒಪ್ಪುವುದು ಈ ಕಾರಣಕ್ಕೆ. ಅವನು ಕೊಳ್ಳುವುದು ಬಸ್ಸಿನ ಓಡಾಟಕ್ಕಿಂತ ಹೆಚ್ಚಾಗಿ ಒಂದು ಖಾತರಿಯನ್ನು.

ಈ ಖಾತರಿಯನ್ನು ಕೊಡುವವನ ಲೆಕ್ಕ ಹೇಗಿರುತ್ತದೆ? ತಿಳಿವಳಿಕೆಗಾಗಿ ಊಹೆಯ ಅಂಕಿಗಳನ್ನು ತೆಗೆದುಕೊಳ್ಳೋಣ. 24 ಆಸನಗಳ ಬಸ್ಸು. ಬಸ್ಸಿನ ಕಂತು, ವಿಮೆ, ಇಂಧನ, ಚಾಲಕ ಮತ್ತು ಮಾರ್ಗದರ್ಶಕನ ಸಂಬಳ ಸೇರಿ ದಿನದ ಸ್ಥಿರ ವೆಚ್ಚ 1,600 ಡಾಲರ್. ಪ್ರತಿ ತಲೆಗೆ ಪ್ರವೇಶ ಶುಲ್ಕ, ಉಪಾಹಾರ ಇತ್ಯಾದಿ 25 ಡಾಲರ್. ಟಿಕೇಟಿನ ದರ 150 ಡಾಲರ್. ಮಾರಿಕೊಟ್ಟ ಆನ್‌ಲೈನ್ ಮಧ್ಯವರ್ತಿಗೆ ಶೇ. 20ರಂತೆ 30 ಡಾಲರ್ ಕಮಿಷನ್ ಎಂದುಕೊಳ್ಳೋಣ. ಪ್ರತಿ ಆಸನದಿಂದ ಉಳಿಯುವುದು 95 ಡಾಲರ್. 16 ಜನ ಬಂದರೆ ನಷ್ಟ, 17 ಜನ ಬಂದರೆ ಅಲ್ಪ ಉಳಿತಾಯ. 24 ಆಸನಗಳೂ ತುಂಬಿದರೆ ದಿನಕ್ಕೆ 680 ಡಾಲರ್ ಮಿಗುತ್ತದೆ. ಅದೇ ತುಂಬಿದ ಬಸ್ಸಿನ ಅರ್ಧದಷ್ಟು ಟಿಕೇಟುಗಳನ್ನು ಮಧ್ಯವರ್ತಿಯಿಲ್ಲದೆ ನೇರವಾಗಿ ಮಾರಿದ್ದರೆ ಮಿಗುವುದು 1,040 ಡಾಲರ್. ಒಬ್ಬ ಪ್ರಯಾಣಿಕನೂ ಹೆಚ್ಚದೆ ಲಾಭವು ಒಂದೂವರೆ ಪಟ್ಟು ಆಗುತ್ತದೆ. ಹೂವಿನ ವ್ಯಾಪಾರಿಗೆ ಸಂಜೆಯ ಬಾಡಿದ ಹೂವನ್ನು ಅರ್ಧ ಬೆಲೆಗಾದರೂ ಮಾರುವ ಅವಕಾಶವಿದೆ. ಬೆಳಿಗ್ಗೆ ಖಾಲಿಯಾಗಿ ಹೊರಟ ಆಸನಕ್ಕೆ ಅದೂ ಇಲ್ಲ.

ವೇಳೆಯ ನಿರ್ಬಂಧವೂ ವೆಚ್ಚವೇ. ಬ್ಯಾನ್ಫ್‌ನಿಂದ ಲೂಯಿಸ್ ಸರೋವರಕ್ಕೆ ಸುಮಾರು 60 ಕಿ.ಮೀ.; ಆದರೆ ಅನೇಕ ಪ್ರವಾಸಗಳು ಇನ್ನೂ ಸುಮಾರು 130 ಕಿ.ಮೀ. ಪೂರ್ವದ ಕ್ಯಾಲ್ಗರಿ ನಗರದಿಂದ ಹೊರಡುತ್ತವೆ. ಅಲ್ಲಿಂದ ಎಮರಾಲ್ಡ್ ಸರೋವರದವರೆಗೆ ಹೋಗಿ ಬರಲು ಹೆಚ್ಚುಕಡಿಮೆ 500 ಕಿ.ಮೀ. ಆಗುತ್ತದೆ. ಬಸ್ಸು ಪ್ರಾಂತ್ಯದ ಗಡಿಯನ್ನು ದಾಟಿದೊಡನೆ ಚಾಲಕನ ಕೆಲಸದ ಅವಧಿಗೆ ಕೆನಡಾದ ಕೇಂದ್ರ ನಿಯಮಗಳು ಅನ್ವಯಿಸುತ್ತವೆ: ದಿನಕ್ಕೆ 13 ಗಂಟೆ ಚಾಲನೆ, ಒಟ್ಟು 14 ಗಂಟೆ ಕೆಲಸ, ಅದಕ್ಕೆ ಮೀರುವಂತಿಲ್ಲ. ಬೆಳಿಗ್ಗೆ ಐದೂವರೆಗೆ ಬಸ್ಸನ್ನು ಪರೀಕ್ಷಿಸಿ ಹೊರಟ ಚಾಲಕನು ಸಂಜೆ ಏಳೂವರೆಯೊಳಗೆ ಅದನ್ನು ನಿಲ್ಲಿಸಬೇಕು. ಚಾಲಕನೇ ಮಾರ್ಗದರ್ಶಕನೂ ಆಗಿರುವ ಸಣ್ಣ ಸಂಸ್ಥೆಗಳಲ್ಲಿ, ಒಂದು ಕಡೆ ಅರ್ಧ ಗಂಟೆ ತಡವಾದರೆ ಮುಂದಿನ ಒಂದು ತಾಣವನ್ನು ಕೈಬಿಡಬೇಕಾಗುತ್ತದೆ. ಸಾಮಾನ್ಯವಾಗಿ ಹೀಗೆ ಕೈಬಿಡಲಾಗುವುದು 254 ಮೀಟರ್ ನೇರವಾಗಿ ಧುಮುಕುವ ಟಕಕ್ಕಾ ಜಲಪಾತವನ್ನು. ಅಲ್ಲಿಗೆ ಹೋಗುವ ರಸ್ತೆಯ ಕಡಿದಾದ ತಿರುವುಗಳಲ್ಲಿ ಉದ್ದನೆಯ ಬಸ್ಸುಗಳು ಒಂದು ಮಜಲನ್ನು ಹಿಮ್ಮುಖವಾಗಿಯೇ ಹತ್ತಬೇಕು. ದೊಡ್ಡ ಬಸ್ಸಿನಲ್ಲಿ ತಲೆಗೆ ತಗಲುವ ವೆಚ್ಚ ಕಡಿಮೆಯೆಂದು ಭಾವಿಸಿ ಬಂಡವಾಳ ಹೂಡುವವರು ಇಂತಹ ತಿರುವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕೆಲಸಗಾರರ ಪ್ರಶ್ನೆ ಇನ್ನೊಂದು. ಬ್ಯಾನ್ಫ್ ಪಟ್ಟಣವು ಉದ್ಯಾನದ ಒಳಗೇ ಇರುವುದರಿಂದ ಅದರ ಎಲ್ಲೆ ಸುಮಾರು 4 ಚದರ ಕಿ.ಮೀ.ಗೆ ಸೀಮಿತ, ಭೂಮಿ ಗುತ್ತಿಗೆಯದು, ಸ್ವಂತದ್ದಲ್ಲ. ಅಲ್ಲಿ ಉದ್ಯೋಗ ಅಥವಾ ವ್ಯವಹಾರವಿರುವವರು ಮತ್ತು ಅವರ ಕುಟುಂಬದವರು ಮಾತ್ರ ವಾಸಿಸಬಹುದೆಂಬ ನಿಯಮವೂ ಇದೆ. ಮನೆಗಳ ಕೊರತೆಯಿಂದಾಗಿ ಋತುವಿಗೆಂದು ಬರುವ ಮಾರ್ಗದರ್ಶಕರಿಗೆ ಅನೇಕ ಮಾಲೀಕರೇ ವಸತಿ ಒದಗಿಸುತ್ತಾರೆ. ಮೇಲಿನ 1,600 ಡಾಲರಿನಲ್ಲಿ ಈ ಬಾಡಿಗೆಯನ್ನು ಸೇರಿಸಲು ಮರೆತ ಹೊಸಬರಿಗೆ ಲಾಭ ಕಾಣುವುದು ಕಾಗದದ ಮೇಲೆ ಮಾತ್ರ.

ಈ ವ್ಯಾಪಾರದ ಬಲ ಮತ್ತು ದೌರ್ಬಲ್ಯಗಳೆರಡೂ ಪರವಾನಗಿಯಲ್ಲಿಯೇ ಇವೆ. ರಾಷ್ಟ್ರೀಯ ಉದ್ಯಾನದೊಳಗೆ ವ್ಯವಹಾರ ನಡೆಸಲು 1998ರ ನಿಯಮಾವಳಿಯಂತೆ ಪಾರ್ಕ್ಸ್ ಕೆನಡಾದ ಪರವಾನಗಿ ಕಡ್ಡಾಯ. ಅದಕ್ಕೆ ಷರತ್ತು ವಿಧಿಸುವ, ತಪ್ಪಿದರೆ ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರ ಆಡಳಿತಕ್ಕಿದೆ. ಖಾಸಗಿ ಕಾರುಗಳನ್ನು ತಡೆದು ಬಸ್ಸಿನ ಆಸನಕ್ಕೆ ಬೆಲೆ ತಂದುಕೊಟ್ಟ ಆಡಳಿತವು ನಾಳೆ ಬಸ್ಸುಗಳ ಸಂಖ್ಯೆಗೂ ಮಿತಿ ಹಾಕಿದರೆ ಅದನ್ನು ಅನ್ಯಾಯವೆನ್ನುವಂತಿಲ್ಲ. ಎರಡೂ ಒಂದೇ ತತ್ವದಿಂದ ಬಂದವು. ಇಲ್ಲಿನ ಆಡಳಿತಕ್ಕೆ ಸಂದರ್ಶಕರಷ್ಟೇ ವನ್ಯಜೀವಿಗಳೂ ಮುಖ್ಯ. ಬ್ಯಾನ್ಫ್ ಉದ್ಯಾನದ ಹೆದ್ದಾರಿಗೆ ಬೇಲಿ ಹಾಕಿ, ಪ್ರಾಣಿಗಳು ದಾಟಲು 6 ಮೇಲ್ಸೇತುವೆಗಳನ್ನೂ 38 ಕೆಳದಾರಿಗಳನ್ನೂ ನಿರ್ಮಿಸಿದ ಮೇಲೆ ವನ್ಯಜೀವಿ ಅಪಘಾತಗಳು ಶೇ. 80ಕ್ಕೂ ಹೆಚ್ಚು ಕಡಿಮೆಯಾಗಿವೆ. ನೆರೆಯ ಯೋಹೋದಲ್ಲಿ ನಕೋಡಾ ಎಂದು ಹೆಸರಾಗಿದ್ದ ಬಿಳಿಯ ಗ್ರಿಜ್ಲಿ ಕರಡಿಯನ್ನು ನೋಡಲು ವಾಹನಗಳು ಹೆದ್ದಾರಿಯಲ್ಲಿ ಸಾಲುಗಟ್ಟಿದ ಕಾರಣ ಅಲ್ಲಿ ನಿಲುಗಡೆಯನ್ನೇ ನಿಷೇಧಿಸಲಾಯಿತು. ಆದರೂ 2024ರ ಜೂನ್‌ನಲ್ಲಿ ಆ ಕರಡಿ ವಾಹನ ಬಡಿದು ಸತ್ತಿತು. ಪ್ರಯಾಣಿಕರೆಲ್ಲರೂ ನಿಲ್ಲಿಸೆಂದು ಕೂಗಿದಾಗಲೂ ಬಸ್ಸನ್ನು ನಿಲ್ಲಿಸದಿರುವ ಮಾರ್ಗದರ್ಶಕನು ಮಾಲೀಕನ ಪರವಾನಗಿಯನ್ನು ಕಾಯುತ್ತಿರುತ್ತಾನೆ.

ಪರವಾನಗಿಗೂ ಮೀರಿದ ಅಪಾಯಗಳಿವೆ. 2024ರ ಜುಲೈನಲ್ಲಿ ಉತ್ತರದ ಜಾಸ್ಪರ್ ಉದ್ಯಾನದಲ್ಲಿ ಹಬ್ಬಿದ ಕಾಳ್ಗಿಚ್ಚು ಜಾಸ್ಪರ್ ಪಟ್ಟಣದ ಸುಮಾರು ಮೂರನೆಯ ಒಂದು ಭಾಗದ ಕಟ್ಟಡಗಳನ್ನು ಸುಟ್ಟಿತು. ಪ್ರವಾಸದ ತುಂಬುಋತುವಿನ ನಡುವೆಯೇ ಪಟ್ಟಣವನ್ನು ತೆರವುಗೊಳಿಸಿದ್ದರಿಂದ, ಆ ಕಡೆಗೆ ಕಾದಿರಿಸಿದ್ದ ಪ್ರವಾಸಗಳು ರದ್ದಾದವು. ಬೆಂಕಿ ದೂರದಲ್ಲಿದ್ದರೂ ಹೊಗೆ ಕವಿದರೆ ಸರೋವರದ ಎದುರಿನ ಶಿಖರವೇ ಕಾಣುವುದಿಲ್ಲ. ರಸ್ತೆ ತೆರೆದಿದೆ, ಬಸ್ಸು ಓಡಿದೆ, ಆದರೆ ಗ್ರಾಹಕನು ಬಯಸಿ ಬಂದ ನೋಟ ಸಿಕ್ಕಿಲ್ಲ. ಇಂತಹ ದಿನದ ಹಣವನ್ನು ಹಿಂದಿರುಗಿಸಬೇಕೇ ಎಂಬುದನ್ನು ಟಿಕೇಟಿನ ಷರತ್ತುಗಳಲ್ಲಿ ಮೊದಲೇ ಬರೆದಿಡುವುದು ಎರಡೂ ಕಡೆಯವರಿಗೆ ಕ್ಷೇಮ.

ಅಕ್ಟೋಬರ್ ಮಧ್ಯದಲ್ಲಿ ಮೊರೇನ್ ರಸ್ತೆಯ ಗೇಟನ್ನು ಹಾಕಲಾಗುತ್ತದೆ. ಹಿಮಕುಸಿತದ ಭಯವಿರುವುದರಿಂದ ಚಳಿಗಾಲದಲ್ಲಿ ಆ ರಸ್ತೆಯ ಹಿಮವನ್ನು ತೆಗೆಯುವುದಿಲ್ಲ. ಕೆಲವು ಸಂಸ್ಥೆಗಳು ಬಸ್ಸುಗಳನ್ನು ಹಿಮಜಾರು ಕ್ರೀಡೆಯ ತಾಣಗಳ ಕಡೆಗೆ ಓಡಿಸುತ್ತವೆ. ಉಳಿದವು ಮುಂದಿನ ಜೂನ್‌ವರೆಗೆ ಕಂತು ಕಟ್ಟುತ್ತಾ ಬಸ್ಸನ್ನು ನಿಲ್ಲಿಸಿಟ್ಟಿರುತ್ತವೆ.