ದಿನದಲ್ಲಿ ಎಷ್ಟು ಹೊತ್ತು ಮಲಗಿರ್ತೀರಿ?

"ಅಮ್ಮಾ, ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ? ನೀವೇ ಹೇಳಿ."

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಓಪಿಡಿಯಲ್ಲಿ, ವೈದ್ಯರ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡ ಮಾತಿದು. ಎದುರಿಗೆ ಮಂಡ್ಯ ಕಡೆಯ, ಅರವತ್ತು ದಾಟಿದ ಹೆಣ್ಣುಮಗಳು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಶ್ವಾಸಕೋಶದ ಕ್ಯಾನ್ಸರ್. ಎದೆಯಲ್ಲಿ ನೀರು ತುಂಬಿದೆ, ರೋಗ ಬೆನ್ನುಮೂಳೆಗೂ ಹರಡಿದೆ. ನಾಲ್ಕನೇ ಸ್ಟೇಜು. ಉತ್ತರ ಕೊಟ್ಟಿದ್ದು ಮಗ: "ಎಲ್ಲಾ ಅವರೇ ಮಾಡ್ಕೋತಾರೆ ಸಾರ್. ಚೆನ್ನಾಗೇ ಅವ್ರೆ."

ವೈದ್ಯರು ಅವನ ಕಡೆ ತಿರುಗಲಿಲ್ಲ. "ಸ್ನಾನ ನೀವೇ ಮಾಡ್ತೀರಾ ಅಮ್ಮಾ?"

"ಸೊಸೆ ನೀರು ಹುಯ್ತಾಳೆ."

"ಅಡುಗೆ?"

"ಈಗೆಲ್ಲಿ ಸಾಮಿ. ಒಲೆ ಮುಂದೆ ಕೂತ್ರೆ ದಮ್ಮು ಬತ್ತದೆ."

"ಹಗಲಲ್ಲಿ ಎಷ್ಟು ಹೊತ್ತು ಮಲಗಿರ್ತೀರಿ?"

ಆಕೆ ಮಗನ ಮುಖ ನೋಡಿದರು, ತಲೆ ತಗ್ಗಿಸಿದರು. "ಊಟಕ್ಕೆ ಏಳ್ತೀನಿ. ಮಿಕ್ಕಂಗೆ ಮಲ್ಗೇ ಇರ್ತೀನಿ."

ವೈದ್ಯರು ಫೈಲಿನ ಮೂಲೆಯಲ್ಲಿ 3 ಎಂದು ಬರೆದರು. ಸಾವಿರಾರು ರೂಪಾಯಿಯ ಪೆಟ್ ಸ್ಕ್ಯಾನ್ ಮೇಜಿನ ಮೇಲೇ ಇತ್ತು. ಆದರೂ ಆ ಬೆಳಿಗ್ಗೆ ಚಿಕಿತ್ಸೆಯ ದಾರಿಯನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಪೆನ್ನಿನಲ್ಲಿ ಬರೆದ ಈ ಒಂದಂಕಿ. ಅಂದಿನಿಂದ ಈ ಅಂಕಿ ನನ್ನ ತಲೆಯಿಂದ ಇಳಿದಿಲ್ಲ.

ಲೆಕ್ಕ ಸರಳ. ಮೊದಲಿನಂತೆಯೇ ಓಡಾಡಿಕೊಂಡಿದ್ದರೆ 0. ಭಾರದ ಕೆಲಸ ಆಗದು, ಹಗುರ ಕೆಲಸಕ್ಕೆ ತೊಂದರೆಯಿಲ್ಲ ಎಂದರೆ 1. ದುಡಿಯಲು ಆಗದು, ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ, ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಎದ್ದೇ ಇರುತ್ತಾನೆ ಎಂದರೆ 2. ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆದರೆ 3. ಪೂರ್ತಿ ಹಾಸಿಗೆ ಹಿಡಿದರೆ 4. 5 ಎಂದರೆ ಸಾವು. ಅಮೆರಿಕದ ಇಕಾಗ್ ಎಂಬ ಸಂಶೋಧನಾ ಕೂಟ ಇದನ್ನು ಈಗಿನ ರೂಪದಲ್ಲಿ 1982ರಲ್ಲಿ ಪ್ರಕಟಿಸಿತು. ವೈದ್ಯರ ಬಾಯಲ್ಲಿ ಇದು 'ಪಿಎಸ್', ಅಂದರೆ ಪರ್ಫಾರ್ಮೆನ್ಸ್ ಸ್ಟೇಟಸ್.

ಇದರ ಬೇರು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನನ್ನನ್ನು ಇನ್ನೂ ಬೆರಗಾಗಿಸುತ್ತದೆ. ಎಲ್ಲ ಬಗೆಯ ಕ್ಯಾನ್ಸರಿಗೂ ಇಂದು ಬಳಕೆಯಾಗುವ ಈ ಅಳತೆ ಹುಟ್ಟಿದ್ದೇ ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳ ನಡುವೆ. ಎರಡನೇ ಮಹಾಯುದ್ಧ ಮುಗಿದಿತ್ತು. ಸಾಸಿವೆ ಅನಿಲದ ಸಂತತಿಯಾದ ನೈಟ್ರೋಜನ್ ಮಸ್ಟರ್ಡ್ ಎಂಬ ವಿಷ ಗಡ್ಡೆ ಕರಗಿಸುತ್ತದೆಂದು ಗೊತ್ತಾಗಿತ್ತು. ನ್ಯೂಯಾರ್ಕಿನ ಡೇವಿಡ್ ಕಾರ್ನೋಫ್ಸ್ಕಿ ಮತ್ತು ಸಂಗಡಿಗರು ಅದನ್ನು ಶ್ವಾಸಕೋಶದ ಕ್ಯಾನ್ಸರಿನವರಿಗೆ ಕೊಟ್ಟು ನೋಡಿ, 'ಕ್ಯಾನ್ಸರ್' ಪತ್ರಿಕೆಯ ಮೊದಲ ಸಂಪುಟದಲ್ಲಿ, 1948ರಲ್ಲಿ, ಬರೆದರು. ರೋಗ ವಾಸಿಯಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾದರೆ ಔಷಧದಿಂದ ಉಪಕಾರವಾಯಿತೆಂದು ಹೇಳುವುದು ಹೇಗೆ? ಎಕ್ಸ್‌ರೇಯಲ್ಲಿ ನೆರಳು ಚಿಕ್ಕದಾಗಿ, ರೋಗಿ ಮಾತ್ರ ಏಳಲಾರದೆ ಮಲಗಿದ್ದರೆ ಅದನ್ನು ಗುಣವೆನ್ನಬಹುದೇ? ಅದಕ್ಕಾಗಿ ಗಡ್ಡೆಯ ಅಳತೆಯ ಜೊತೆಗೆ, ಮನುಷ್ಯ ತನ್ನ ದಿನವನ್ನು ಹೇಗೆ ಕಳೆಯುತ್ತಾನೆ ಎಂಬುದಕ್ಕೂ 100ರಿಂದ 0ವರೆಗೆ ಹತ್ತತ್ತರ ಮೆಟ್ಟಿಲು ಮಾಡಿದರು. ತನ್ನ ಕೆಲಸ ತಾನು ಮಾಡಿಕೊಂಡು, ದುಡಿಯಲು ಆಗದವನಿಗೆ 70. ಯುದ್ಧದ ವಿಷವನ್ನು ಮದ್ದಾಗಿಸಲು ಹೊರಟವರು 'ಈ ಮನುಷ್ಯ ಇವತ್ತು ಎದ್ದು ಓಡಾಡಿದನೇ' ಎಂದು ಕೇಳುವುದನ್ನು ಮರೆಯಲಿಲ್ಲ. ಕ್ಯಾನ್ಸರ್ ವೈದ್ಯಕೀಯದ ಇತಿಹಾಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪುಟ ಇನ್ನೊಂದಿಲ್ಲ.

ಆದರೆ ಈ ಅಳತೆ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ್ದಲ್ಲ. ಹಗಲು ಮಲಗಿದರೆ ಸೋಮಾರಿ ಅನ್ನುತ್ತಾರೆಂದು ಗೋಡೆಗೊರಗಿ ಕೂತೇ ದಿನ ತಳ್ಳುವ ಅಜ್ಜಿಗೆ 2 ಕೊಡಬೇಕೇ, 3 ಕೊಡಬೇಕೇ? ಕಾಯಿಲೆಗೆ ಮೊದಲೇ ಜಗುಲಿ ಬಿಟ್ಟು ಕದಲದ ಯಜಮಾನರನ್ನು 'ಕೆಲಸ ಮಾಡ್ತೀರಾ' ಎಂದು ಕೇಳಿ ಫಲವೇನು? ಸುಸ್ತಾದರೂ ಒಲೆ ಮುಂದಿನಿಂದ ಏಳದ ತಾಯಂದಿರು ಕಾಗದದ ಮೇಲೆ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತಾರೆ. 'ಸರಿಯಿಲ್ಲ ಅಂದರೆ ಟ್ರೀಟ್‌ಮೆಂಟ್ ಕೊಡಲ್ಲ' ಎಂಬ ಭಯದಲ್ಲಿ ಮಕ್ಕಳು ಅಂಕಿಯನ್ನು ಇಳಿಸಿ ಹೇಳುತ್ತಾರೆ. ನಾನು ಕಂಡ ಆ ವೈದ್ಯರು ಅಂಕಿ ಕೇಳುವುದೇ ಇಲ್ಲ. ಸ್ನಾನ, ಬಟ್ಟೆ, ಬಚ್ಚಲುಮನೆಯ ದೂರ, ಅಂಗಡಿವರೆಗಿನ ನಡಿಗೆ ಕೇಳುತ್ತಾರೆ. ರೋಗಿ ಬಾಗಿಲಿನಿಂದ ಕುರ್ಚಿವರೆಗೆ ಬರುವುದನ್ನು ನೋಡುತ್ತಾರೆ.

ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಹಳೆಯದು. 2002ರಲ್ಲಿ ಪ್ರಕಟವಾದ ಇಕಾಗ್ ಅಧ್ಯಯನವೊಂದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ 1,200ಕ್ಕೂ ಹೆಚ್ಚು ಜನರಿಗೆ ನಾಲ್ಕು ಬಗೆಯ ಜೋಡಿ ಕಿಮೋ ಕೊಟ್ಟು ಹೋಲಿಸಿದರು. ನಾಲ್ಕರಲ್ಲಿ ಯಾವುದೂ ಗೆಲ್ಲಲಿಲ್ಲ. ಅರ್ಧದಷ್ಟು ಜನ ಬದುಕಿದ್ದು 8 ತಿಂಗಳಷ್ಟೇ. ಆದರೆ ಪಿಎಸ್ ಪ್ರಕಾರ ವಿಂಗಡಿಸಿದಾಗ ಅಂತರ ಎದ್ದು ಕಂಡಿತು: 0 ಇದ್ದವರಿಗೆ 10 ತಿಂಗಳ ಮೇಲೆ, 2 ಇದ್ದವರಿಗೆ 4 ತಿಂಗಳ ಆಸುಪಾಸು. ಪಿಎಸ್ 2ರವರಲ್ಲಿ ದುಷ್ಪರಿಣಾಮ ಮಿತಿಮೀರಿದ್ದರಿಂದ ಅಂಥವರನ್ನು ಸೇರಿಸಿಕೊಳ್ಳುವುದನ್ನೇ ಮಧ್ಯದಲ್ಲಿ ನಿಲ್ಲಿಸಿದರು. ಯಾವ ಕಿಮೋ ಎಂಬುದಕ್ಕಿಂತ ರೋಗಿ ಎಷ್ಟು ಹೊತ್ತು ಎದ್ದಿರುತ್ತಾನೆ ಎಂಬುದೇ ಹೆಚ್ಚು ಹೇಳುತ್ತಿತ್ತು. ಹೀಗಾಗಿ '3 ಎಂದರೆ ಕಿಮೋ ಬೇಡ' ಎಂಬುದು ನಿಯಮದಂತಾಯಿತು. ಕಿಮೋ ಮಟ್ಟಿಗೆ ಅದು ಸರಿಯಾದ ನಿಯಮ.

ಅದೇ ಬೆಳಿಗ್ಗೆ ಇನ್ನೊಬ್ಬರು ಬಂದರು. ನಿವೃತ್ತ ಮೇಷ್ಟರು, ಮುಖದ ತುಂಬ ಮೊಡವೆಯಂಥ ಗುಳ್ಳೆ. ಯಾರ ಕೈಯನ್ನೂ ಹಿಡಿಯದೆ ನಡೆದು ಬಂದು ಕೂತರು. ಅವರ ಫೈಲಿನ ಮೂಲೆಯಲ್ಲಿದ್ದ ಅಂಕಿಗಳು: 3, 3, 1, 1. ಮೊದಲ ಸಲ ಅವರನ್ನು ಸ್ಟ್ರೆಚರಿನಲ್ಲಿ ತಂದಿದ್ದರಂತೆ. ಕೊಟ್ಟಿದ್ದು ದಿನಕ್ಕೊಂದು ಮಾತ್ರೆ.

ಈ ಮಾತ್ರೆಯ ಕಥೆ ಬಲ್ಲವರಿಗೆ ಹೊಸದಲ್ಲ. ಗೆಫಿಟಿನಿಬ್ 2002ರಲ್ಲಿ ಜಪಾನಿನಲ್ಲಿ ಮೊದಲು ಮಾರುಕಟ್ಟೆಗೆ ಬಂತು. ಕೆಲವರಿಗೆ ಅದ್ಭುತ ಗುಣ ಕೊಟ್ಟಿತು, ಕೆಲವರ ಶ್ವಾಸಕೋಶವನ್ನೇ ಕೆಡಿಸಿ ಪ್ರಾಣ ತೆಗೆಯಿತು. ಗುಣ ಕಂಡವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನು ಬದಲಾಗಿರುತ್ತದೆ ಎಂಬುದು 2004ರಲ್ಲಿ ತಿಳಿಯಿತು. ಪೂರ್ವ ಏಷ್ಯಾದ 1,217 ರೋಗಿಗಳ ಐಪಾಸ್ ಅಧ್ಯಯನ 2009ರಲ್ಲಿ ಅದನ್ನು ಖಚಿತಪಡಿಸಿತು: ಜೀನು ಬದಲಾದವರಲ್ಲಿ 71% ಜನರ ಗಡ್ಡೆ ಮಾತ್ರೆಗೆ ಕುಗ್ಗಿತು, ಬದಲಾಗದವರಲ್ಲಿ 1% ಮಾತ್ರ. ಸಿಗರೇಟು ಸೇದದವರು, ಹೆಂಗಸರು, ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಇರುವವರಲ್ಲಿ ಈ ಬದಲಾವಣೆ ಹೆಚ್ಚು. ಆದರೆ ಮುಖ ನೋಡಿ ಊಹಿಸುವಂತಿಲ್ಲ, ಪರೀಕ್ಷೆ ಮಾಡಲೇಬೇಕು.

ಅದೇ ವರ್ಷ ಜಪಾನಿನಿಂದ ಬಂದ ಇನ್ನೊಂದು ಪುಟ್ಟ ಅಧ್ಯಯನ ಅಷ್ಟು ಸುದ್ದಿಯಾಗಲಿಲ್ಲ. ಅದಕ್ಕೆ ಆರಿಸಿದ್ದು ಕಿಮೋ ತಡೆಯಲಾರರೆಂದು ಬಿಟ್ಟವರನ್ನೇ, ಜೀನು ಬದಲಾದ 30 ಜನರನ್ನು. ಅವರಲ್ಲಿ 22 ಜನ ಪಿಎಸ್ 3 ಅಥವಾ 4. ಮಾತ್ರೆ ಕೊಟ್ಟ ಮೇಲೆ ಆ 22ರಲ್ಲಿ ಮೂವರಲ್ಲಿ ಇಬ್ಬರಂತೆ ಪಿಎಸ್ 0 ಅಥವಾ 1ಕ್ಕೆ ಚೇತರಿಸಿಕೊಂಡರು. ಅರ್ಧದಷ್ಟು ಜನ ಸುಮಾರು 18 ತಿಂಗಳು ಬದುಕಿದರು. ಹಾಸಿಗೆ ಹಿಡಿದವರು ಎದ್ದು ಮನೆಗೆಲಸ ಮಾಡಿದರು! ಮೇಷ್ಟರ ಫೈಲಿನ 3, 3, 1, 1 ಪವಾಡವಲ್ಲ ಎಂದು ನಂಬಿಸಿದ್ದು ಈ ಲೆಕ್ಕ.

ಇದು ಶಾಶ್ವತವಲ್ಲ. ವರ್ಷದ ಆಚೀಚೆ ಗಡ್ಡೆ ಮಾತ್ರೆಗೆ ಒಗ್ಗಿಕೊಂಡು ಮತ್ತೆ ಬೆಳೆಯುತ್ತದೆ. ಹೊಸ ಮಾತ್ರೆ ಒಸಿಮರ್ಟಿನಿಬ್ ಹೆಚ್ಚು ಕಾಲ ತಡೆಯುತ್ತದೆ, 19 ತಿಂಗಳ ಹತ್ತಿರ. ಕೇಂದ್ರ ಬಜೆಟ್ 2024ರಲ್ಲಿ ಅದರ ಕಸ್ಟಮ್ಸ್ ಸುಂಕ ತೆಗೆಯಿತು. ಆದರೂ ಅದು ಸಾಮಾನ್ಯ ಕುಟುಂಬದ ಕೈಗೆ ಎಟುಕುವ ಬೆಲೆಯದಲ್ಲ. ಇಲ್ಲಿ ನನಗೆ ಹೆಮ್ಮೆ ತರುವುದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಕೆಲಸ. ಅಗ್ಗದ ಗೆಫಿಟಿನಿಬ್ ಜೊತೆಗೇ ಕಿಮೋ ಸೇರಿಸಿ 350 ರೋಗಿಗಳಲ್ಲಿ ನೋಡಿದಾಗ, ರೋಗ ಹತೋಟಿಯಲ್ಲಿರುವ ಕಾಲ 8 ತಿಂಗಳಿನಿಂದ 16ಕ್ಕೆ ಏರಿತು. ತೀವ್ರ ದುಷ್ಪರಿಣಾಮವೂ ಸುಮಾರು ಇಮ್ಮಡಿಯಾಯಿತು. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ: ಯಾರು ತಡೆದಾರು?

ನಮ್ಮಲ್ಲಿ ರೋಗಿಗಳು ಬರುವುದೇ ತಡ. ಎಕ್ಸ್‌ರೇಯಲ್ಲಿ ನೆರಳು ಕಂಡ ಕೂಡಲೇ, ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿಬಿ ಮಾತ್ರೆ ಶುರುವಾಗುತ್ತದೆ. ತಿಂಗಳುಗಟ್ಟಲೆ ಅದನ್ನು ನುಂಗಿ ಸೊರಗಿದ ಮೇಲೆ ಬಯಾಪ್ಸಿ. 1ರಲ್ಲಿ ಬರಬೇಕಿದ್ದವರು 3ರಲ್ಲಿ ಬರುತ್ತಾರೆ. ಆಮೇಲೆ 'ಕೊನೇ ಸ್ಟೇಜು, ಕಿಮೋ ತಡೆಯಲ್ಲ, ಮನೆಗೆ ಕರ್ಕೊಂಡು ಹೋಗಿ' ಎಂಬ ಮಾತು. ಕಿಮೋ ಬೇಡವೆಂದದ್ದು ಸರಿ. ಜೀನ್ ಪರೀಕ್ಷೆ ಮಾಡದೆ ಮನೆಗೆ ಕಳಿಸುವುದು ಮಾತ್ರ ಅನ್ಯಾಯ. ಮಂಡ್ಯದ ಆ ತಾಯಿಗೆ ವೈದ್ಯರು ಕಿಮೋ ಬರೆಯಲಿಲ್ಲ, ಕೈಬಿಡಲೂ ಇಲ್ಲ. ಎದೆಯ ನೀರು ತೆಗೆಸಿದರು, ನೋವಿಗೆ ಮದ್ದು ಕೊಟ್ಟರು, ಬಯಾಪ್ಸಿಯ ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸಿದರು.

ಜೀನು ಬದಲಾಗದವರ ಸಂಖ್ಯೆಯೇ ನಮ್ಮಲ್ಲಿ ದೊಡ್ಡದು. ಅವರಿಗೂ ಹೇಳಲು ಮಾತಿದೆ. ಬೋಸ್ಟನ್ನಿನಲ್ಲಿ 151 ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ನೋವು, ಉಸಿರು, ಮನಸ್ಸಿನ ಆರೈಕೆಯನ್ನು ಆರಂಭದಲ್ಲೇ ಪಡೆದವರಲ್ಲಿ ಅರ್ಧದಷ್ಟು ಜನ 11.6 ತಿಂಗಳು ಬದುಕಿದರು. ಬರೀ ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಅದು 8.9 ತಿಂಗಳು. ಉಪಶಮನ ಆರೈಕೆ ಎಂದರೆ ಕೈಚೆಲ್ಲುವುದಲ್ಲ.

ಮನೆಯವರಿಗೆ ನನ್ನ ಮಾತು ಇಷ್ಟೇ. ಓಪಿಡಿಯಲ್ಲಿ ರೋಗಿಯನ್ನೇ ಮಾತಾಡಲು ಬಿಡಿ. ಅಮ್ಮ ಎಷ್ಟು ಹೊತ್ತು ಮಲಗಿರುತ್ತಾರೆಂದು ಇದ್ದದ್ದು ಇದ್ದಂತೆ ಹೇಳಿ. ಇಳಿಸಿ ಹೇಳಿದ ಅಂಕಿ ಅವರ ಮೈಮೇಲೆಯೇ ಕಿಮೋ ಆಗಿ ಬೀಳುತ್ತದೆ. 'ಇನ್ನೇನೂ ಇಲ್ಲ' ಎಂದು ಯಾರೇ ಹೇಳಲಿ, ಇಜಿಎಫ್‌ಆರ್, ಎಎಲ್‌ಕೆ ಜೀನ್ ಪರೀಕ್ಷೆಯ ರಿಪೋರ್ಟ್ ಎಲ್ಲಿ ಎಂದು ಕೇಳದೆ ಎದ್ದು ಬರಬೇಡಿ. ವೈದ್ಯರಲ್ಲಿ ಕೋರಿಕೆ: ಪ್ರತಿ ಭೇಟಿಯಲ್ಲೂ ಆ ಒಂದಂಕಿಯನ್ನು ಹೊಸದಾಗಿ ಕೇಳಿ ಬರೆಯಿರಿ. ಮೊದಲ ದಿನದ 3 ಆ ದಿನದ ಸ್ಥಿತಿಯನ್ನು ಹೇಳುತ್ತದೆ, ರೋಗಿಯ ಹಣೆಬರಹವನ್ನಲ್ಲ.